ಹಾಸನದಲ್ಲಿ ನಮ್ಮ ಫ್ಯಾಮಿಲಿ ಡಾಕ್ಟರ್ ಕ್ಲಿನಿಕ್: ಶುಗರ್ ಬಿಪಿ ಇರೋ ಮನೆಯವರ ರಿವ್ಯೂ

ಸಾಲಗಾಮೆ ರಸ್ತೆಯಿಂದ ಒಳಗೆ ಅಡ್ಡರಸ್ತೆಯಲ್ಲಿರೋ ಒಂದು ಚಿಕ್ಕ ಕ್ಲಿನಿಕ್ ಬಗ್ಗೆ ಬರೀತಿದೀನಿ. ಹೆಸರು ಹಾಕಲ್ಲ, ಹಾಕ್ಲಾ ಅಂತ ಡಾಕ್ಟ್ರನ್ನೇ ಕೇಳಿದೆ, "ಬೇಡಮ್ಮ, ಈಗ ಬರ್ತಿರೋರನ್ನ ಸರಿಯಾಗಿ ನೋಡೋಕೇ ಟೈಮ್ ಸಾಲ್ತಿಲ್ಲ" ಅಂದ್ರು. ಆದ್ರೂ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಹಾಸನದಲ್ಲಿ ಶುಗರ್ ಬಿಪಿ ಇಲ್ಲದ ಮನೆ ಹುಡುಕೋದೇ ಕಷ್ಟ ಈಗ, 2023ರಲ್ಲಿ ಬಂದ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಸ್ಟಡಿ ಪ್ರಕಾರ ದೇಶದಲ್ಲಿ 10 ಕೋಟಿ ಜನಕ್ಕೆ ಶುಗರ್, ಬಿಪಿ ಅಂತೂ 31 ಕೋಟಿ ಜನಕ್ಕೆ. ಇಷ್ಟು ಜನ ಕಾಯಿಲೆ ಇಟ್ಕೊಂಡು ವರ್ಷಾನುಗಟ್ಟಲೆ ಓಡಾಡ್ಬೇಕು, ಅವರಿಗೆ ದೊಡ್ಡ ಆಸ್ಪತ್ರೆಗಿಂತ ಮೊದಲು ಬೇಕಾಗಿರೋದು ಎಲ್ಲಾನೂ ಒಟ್ಟಿಗೆ ನೋಡೋ ಒಬ್ಬ ಡಾಕ್ಟ್ರು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮನೆ ಕಥೆ ಇಷ್ಟು. ಅತ್ತೆಗೆ 68, ಶುಗರ್, ಬಿಪಿ, ಥೈರಾಯ್ಡ್ ಮೂರೂ ಇದೆ, ಮೇಲೆ ಮಂಡಿ ನೋವು. ಮಾವನಿಗೆ ಶುಗರ್ ಹಳೇದು, ಈಗ ಇನ್ಸುಲಿನ್ ಮೇಲಿದ್ದಾರೆ. ಮೊದಲು ಶುಗರ್‌ಗೆ ಒಬ್ರು, ಹಾರ್ಟ್ ಚೆಕಪ್‌ಗೆ ಬೇರೆ ಊರಲ್ಲಿ ಇನ್ನೊಬ್ರು, ಮಂಡಿಗೆ ಮತ್ತೊಬ್ರು, ಥೈರಾಯ್ಡ್ ಮಾತ್ರೆ ಯಾರು ಶುರು ಮಾಡಿದ್ರು ಅಂತ ಅತ್ತೆಗೇ ನೆನಪಿಲ್ಲ. ಎಲ್ರೂ ಒಳ್ಳೆ ಡಾಕ್ಟ್ರುಗಳೇ, ಅವರವರ ಕೆಲಸ ಅವರು ಸರಿಯಾಗೇ ಮಾಡಿದ್ದಾರೆ, ಆದ್ರೆ ಒಬ್ರು ಬರೆದಿದ್ದು ಇನ್ನೊಬ್ರಿಗೆ ಗೊತ್ತಿಲ್ಲ, ಒಂದೊಂದು ಫೈಲ್ ಒಂದೊಂದು ಕವರಲ್ಲಿ. ನಮ್ಮ ನಾದಿನಿ ಹೇಳಿ ಈ ಕ್ಲಿನಿಕ್‌ಗೆ ಹೋಗಿದ್ದು.

ಫೋನಲ್ಲಿ ಟೋಕನ್ ತಗೊಳ್ಳುವಾಗ್ಲೇ ಕಾಂಪೌಂಡರ್ ಒಂದು ಮಾತು ಹೇಳಿದ್ರು, ಮನೇಲಿರೋ ಮಾತ್ರೆ ಎಲ್ಲಾ ತನ್ನಿ, ಚೀಟಿ ಅಲ್ಲ ಮಾತ್ರೆನೇ, ಆಯುರ್ವೇದದ ಪುಡಿ, ಕಷಾಯ, ಮೆಡಿಕಲ್‌ನಲ್ಲಿ ತಗೊಂಡ ನೋವಿನ ಮಾತ್ರೆ ಯಾವುದೂ ಬಿಡ್ಬೇಡಿ ಅಂತ. ನಾವು ಒಂದು ಬಟ್ಟೆ ಚೀಲದ ತುಂಬ ತಗೊಂಡು ಹೋದ್ವಿ. ಡಾಕ್ಟ್ರು ಅದನ್ನ ಟೇಬಲ್ ಮೇಲೆ ಸುರಿದ್ರು, ಕನ್ನಡಕ ಮೇಲೇರಿಸಿಕೊಂಡು ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂದೆ ಸಣ್ಣ ಅಕ್ಷರದಲ್ಲಿರೋದನ್ನ ಓದ್ತಾ ಬೆಳಗಿಂದು ಒಂದ್ಕಡೆ, ರಾತ್ರಿದು ಒಂದ್ಕಡೆ, ಡೇಟ್ ಮುಗಿದಿದ್ದು ಒಂದ್ಕಡೆ ಇಡ್ತಾ ಹೋದ್ರು. ಆಮೇಲೆ ಎರಡು ಸ್ಟ್ರಿಪ್ ಎತ್ತಿ ಪಕ್ಕಪಕ್ಕ ಹಿಡಿದು "ಇದೆರಡೂ ತಗೋತಿದೀರಾ ಅಮ್ಮ?" ಅಂದ್ರು. ಹ್ಞೂಂ ಅಂದ್ರು ಅತ್ತೆ. ಬಣ್ಣ ಬೇರೆ, ಕಂಪನಿ ಬೇರೆ, ಹೆಸರು ಬೇರೆ, ಒಂದರಲ್ಲಿ ಟೆಲ್ಮಿಸಾರ್ಟಾನ್, ಇನ್ನೊಂದರಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ಆಮ್ಲೋಡಿಪಿನ್ ಅನ್ನೋ ಇನ್ನೊಂದು ಬಿಪಿ ಔಷಧಿ. ಅಂದ್ರೆ ಒಂದೇ ಬಿಪಿ ಔಷಧಿ ದಿನಾ ಡಬಲ್ ಹೊಟ್ಟೆಗೆ ಹೋಗ್ತಿತ್ತು. ಬಚ್ಚಲಿಂದ ಬರುವಾಗ, ಪೂಜೆಗೆ ಕೂತು ಏಳುವಾಗ ಕಣ್ಣು ಕತ್ತಲೆ ಬರುತ್ತೆ ಅಂತ ಅತ್ತೆ ಹೇಳ್ತಾನೇ ಇದ್ರು, ವಯಸ್ಸು ಅಂದ್ಕೊಂಡಿದ್ರು ಎಲ್ಲರೂ.

ಆಗ ಅವರು ಬಿಪಿ ನೋಡಿದ ರೀತಿ ಹೇಳ್ಬೇಕು. ಮೊದಲು ಐದು ನಿಮಿಷ ಸುಮ್ನೆ ಕೂರಿಸಿದ್ರು, ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕೈ ಎದೆಯ ಮಟ್ಟಕ್ಕೆ ಟೇಬಲ್ ಮೇಲೆ, ಮಾತಾಡೋ ಹಂಗಿಲ್ಲ. ನಮ್ಮತ್ತೆ ಕೈ ದಪ್ಪ ಅಂತ ದೊಡ್ಡ ಪಟ್ಟಿ ತೆಗೆದ್ರು, ಚಿಕ್ಕ ಪಟ್ಟಿ ಬಿಗಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತಂತೆ. ಆಮೇಲೆ ಮಲಗಿಸಿ ಒಂದ್ಸಲ, ಎದ್ದು ನಿಲ್ಲಿಸಿ ಒಂದ್ಸಲ ನೋಡಿದ್ರು. ನಿಂತ ಮೇಲೆ ಮೇಲಿನ ನಂಬರ್ 20ಕ್ಕಿಂತ ಜಾಸ್ತಿ ಇಳಿದಿತ್ತು. "ಇದೇ ನಿಮ್ಮ ಕಣ್ಣು ಕತ್ತಲೆ" ಅಂದ್ರು. ಒಂದು ಮಾತ್ರೆ ನಿಲ್ಲಿಸಿದ್ರು, ಮನೇಲಿ ಬೆಳಿಗ್ಗೆ ಸಂಜೆ ಒಂದು ವಾರ ಬಿಪಿ ಬರೆದು ತನ್ನಿ ಅಂದ್ರು, ಕ್ಲಿನಿಕ್‌ನಲ್ಲಿ ಹೆದರಿಕೆಗೆ ಏರೋರು ತುಂಬಾ ಜನ, ಮನೆ ನಂಬರೇ ನನಗೆ ಮುಖ್ಯ ಅಂತ. ತಲೆ ಸುತ್ತು ನಿಂತೇ ಹೋಯ್ತು. ಮಾತ್ರೆ ಸೇರಿಸದೆ ಒಂದು ತೆಗೆದು ವಾಸಿ ಮಾಡಿದ್ದು ನಮ್ಮನೇಲಿ ಅದೇ ಮೊದಲು.

ಇವರ ಇನ್ನೊಂದು ಪದ್ಧತಿ ನೋಟ್ ಬುಕ್. ಮಕ್ಕಳು ಸ್ಕೂಲಿಗೆ ತಗೊಂಡು ಹೋಗೋ ಥರದ್ದೇ ನೂರು ಪುಟದ್ದು, ನಾವೇ ಕೊಂಡು ತರ್ಬೇಕು, ನಮ್ಮ ಹತ್ರನೇ ಇರುತ್ತೆ. ಪ್ರತಿ ಸಲ ತಾರೀಖು, ತೂಕ, ಬಿಪಿ, ಶುಗರ್, ಯಾವ ಮಾತ್ರೆ ಬದಲಾಯ್ತು ಅಂತ ಬರೀತಾರೆ, ಅದಕ್ಕಿಂತ ಮುಖ್ಯ ಯಾಕೆ ಬದಲಾಯ್ತು ಅಂತಾನೂ ಬರೀತಾರೆ. ಕೊನೇ ಪುಟದಲ್ಲಿ ವರ್ಷಕ್ಕೊಮ್ಮೆ ಆಗ್ಬೇಕಾದ್ದು: ಕಣ್ಣಿನ ರೆಟಿನಾ, ಕಿಡ್ನಿ ಹೆಂಗಿದೆ ಅಂತ ನೋಡೋಕೆ ಮೂತ್ರದಲ್ಲಿ ಅಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ಪಾದದ ಪರೀಕ್ಷೆ. ಆಗಿದ್ದಕ್ಕೆ ಟಿಕ್. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾತ್ರ ಮೂರು ತಿಂಗಳಿಗೆ, ಅದು ಹೆಚ್ಚುಕಮ್ಮಿ ಮೂರು ತಿಂಗಳ ಶುಗರ್ ಸರಾಸರಿ ತೋರಿಸುತ್ತಲ್ಲ, ಪರೀಕ್ಷೆ ಹಿಂದಿನ ದಿನ ಅನ್ನ ಬಿಟ್ಟು ಮೋಸ ಮಾಡೋಕಾಗಲ್ಲ ಅಂತ ಅತ್ತೆಗೆ ಅರ್ಥ ಆದ್ಮೇಲೆ ದಿನದಿನದ ಊಟದಲ್ಲೇ ಶಿಸ್ತು ಬಂತು. ಸಾಮಾನ್ಯವಾಗಿ 7ರೊಳಗೆ ಇರ್ಬೇಕು ಅಂತಾರೆ, ಅತ್ತೆಗೆ ಇವರು ಏಳೂವರೆ ಹತ್ರ ಇದ್ರೆ ಸಾಕು ಅಂದ್ರು, ವಯಸ್ಸಾದೋರಿಗೆ ತೀರಾ ಬಿಗಿ ಮಾಡಿದ್ರೆ ಶುಗರ್ ಲೋ ಆಗಿ ಬಿದ್ದು ಸೊಂಟ ಮುರ್ಕೊಳ್ಳೋದು ಅದಕ್ಕಿಂತ ಅಪಾಯ ಅಂತೆ.

ಥೈರಾಯ್ಡ್ ಮಾತ್ರೆ ವಿಷಯಕ್ಕೆ ಅತ್ತೆಗೂ ಡಾಕ್ಟ್ರಿಗೂ ಸಣ್ಣ ಜಗಳನೇ ಆಯ್ತು. ನಮ್ಮ ಕಡೆ ಎದ್ದ ತಕ್ಷಣ ಕಾಫಿ, ಅದಿಲ್ಲದೆ ಯಾವ ಕೆಲಸನೂ ಆಗಲ್ಲ. ಅತ್ತೆ ಮಾತ್ರೆನೂ ಕಾಫಿ ಜೊತೆನೇ ನುಂಗ್ತಿದ್ರು. ಥೈರಾಯ್ಡ್ ಟೆಸ್ಟ್‌ನಲ್ಲಿ ನೋಡೋ ಟಿಎಸ್‌ಎಚ್ ಇಳೀತಾನೇ ಇರ್ಲಿಲ್ಲ, ಡೋಸ್ ಏರ್ತಾನೇ ಇತ್ತು. ಕಾಫಿ ಜೊತೆ ತಗೊಂಡ್ರೆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ, ಬರೀ ನೀರಲ್ಲಿ ತಗೊಂಡು ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕಾಫಿ ಕುಡೀರಿ, ಮಂಡಿಗೆ ಕೊಟ್ಟಿರೋ ಕ್ಯಾಲ್ಸಿಯಂ ಮಾತ್ರೆ ಅದಕ್ಕೆ ನಾಲ್ಕು ಗಂಟೆ ದೂರ ಇರ್ಲಿ, ಮಧ್ಯಾಹ್ನ ಊಟಕ್ಕೆ ತಳ್ಳಿ ಅಂದ್ರು. "ಮುಕ್ಕಾಲು ಗಂಟೆ ಕಾಫಿ ಇಲ್ದೆ ಹೆಂಗ್ ಇರೋದು ಡಾಕ್ಟ್ರೇ" ಅಂತ ಅತ್ತೆ. "ಹಾಸಿಗೆ ಪಕ್ಕ ಮಾತ್ರೆ, ಲೋಟದಲ್ಲಿ ನೀರು ಇಟ್ಕೊಳ್ಳಿ, ಎಚ್ಚರ ಆದ ಕೂಡ್ಲೆ ನುಂಗಿ, ಮುಖ ತೊಳೆದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬರೋ ಹೊತ್ತಿಗೆ ಟೈಮ್ ಆಗಿರುತ್ತೆ" ಅಂದ್ರು. ನೋಡಿ, ನಮ್ಮನೆ ಬೆಳಗಿನ ಕೆಲಸದ ಒಳಗೇ ಮಾತ್ರೆಗೆ ಜಾಗ ಹುಡುಕಿಕೊಟ್ರು. ಮುಂದಿನ ಟೆಸ್ಟ್‌ನಲ್ಲಿ ಟಿಎಸ್‌ಎಚ್ ಸರಿಯಾಗಿ ಬಂತು, ಡೋಸ್ ಹೆಚ್ಚಿಸದೇನೇ.

ಊಟದ ವಿಷಯಕ್ಕೆ ಬರೋಣ, ಇದು ಎಲ್ಲಾ ಮನೆಗೂ ಬೇಕಾಗಿರೋದು. ರಾಗಿ ಮುದ್ದೆ ತಿಂದ್ರೆ ಶುಗರ್ ಏರಲ್ಲ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ, ಮಾವ ಅದನ್ನೇ ನಂಬಿ ಅನ್ನ ಪೂರ್ತಿ ಬಿಟ್ಟು ಎರಡೆರಡು ದೊಡ್ಡ ಮುದ್ದೆ ಹೊಡೀತಿದ್ರು. ಡಾಕ್ಟ್ರು ತಪ್ಪು ಅಂತ ವಾದ ಮಾಡ್ಲಿಲ್ಲ, ಗ್ಲೂಕೋಮೀಟರ್ ಇದ್ಯಲ್ಲ ಗೌಡ್ರೆ, ಒಂದಿನ ಎರಡು ಮುದ್ದೆ ತಿಂದು ಎರಡು ಗಂಟೆಗೆ ನೋಡಿ, ಇನ್ನೊಂದಿನ ಅರ್ಧ ಮುದ್ದೆ, ಜೊತೆಗೆ ಒಂದು ಬಟ್ಟಲು ಹುರುಳಿಕಾಳೋ ಸೊಪ್ಪಿನ ಪಲ್ಯನೋ ತಿಂದು ನೋಡಿ, ನೋಟ್ ಬುಕ್ಕಲ್ಲಿ ಬರೀರಿ ಅಂದ್ರು. ನಂಬರ್ ನೋಡಿದ್ಮೇಲೆ ಮಾವ ತಾವಾಗೇ ಮುದ್ದೆ ಚಿಕ್ಕದು ಮಾಡಿಸಿಕೊಂಡ್ರು. ರಾಗಿ ಒಳ್ಳೇದೇ, ನಾರು ಇದೆ ಕ್ಯಾಲ್ಸಿಯಂ ಇದೆ, ಆದ್ರೆ ಅದರಲ್ಲೂ ಪಿಷ್ಟ ಇದೆ, ಗಾತ್ರ ಲೆಕ್ಕಕ್ಕೆ ಬರುತ್ತೆ. ಉಪ್ಪಿಗೂ ಹಿಂಗೇ, ದಿನಕ್ಕೆ ಒಬ್ರಿಗೆ 5 ಗ್ರಾಂ ಅಂದ್ರೆ ಒಂದು ಟೀ ಚಮಚದೊಳಗೆ ಅನ್ನೋದು ಡಬ್ಲ್ಯೂಎಚ್‌ಒ ಲೆಕ್ಕ. ಸಾರಿಗೆ ಹಾಕೋದನ್ನ ಮಾತ್ರ ಎಣಿಸ್ತೀವಿ ನಾವು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಅಡುಗೆ ಸೋಡಾ ಇದೆಲ್ಲಾ ಎಲ್ಲಿ ಹೋಯ್ತು ಅಂತ ಅಡುಗೆ ಮಾಡೋ ನನ್ನನ್ನೇ ಕೂರಿಸಿ ಕೇಳಿದ್ರು. ಪೇಷಂಟ್‌ನ ಮಾತ್ರ ಬೈದು ಕಳಿಸೋ ಬದಲು ಒಲೆ ಮುಂದೆ ಇರೋರನ್ನ ಕರೆದು ಮಾತಾಡಿಸೋ ಡಾಕ್ಟ್ರನ್ನ ನಾನು ಬೇರೆ ಕಡೆ ನೋಡಿಲ್ಲ.

ಅತ್ತೆ ಸಂಕಷ್ಟಿ ಬಿಡಲ್ಲ, ಚಂದ್ರ ನೋಡೋ ತನಕ ಉಪವಾಸ. ಬೇರೆ ಕಡೆ ಉಪವಾಸ ಮಾಡ್ಬೇಡಿ ಅಷ್ಟೇ ಅಂತಿದ್ರು, ಅತ್ತೆ ತಲೆ ಆಡಿಸಿ ಬಂದು ಮಾಡೇ ಮಾಡ್ತಿದ್ರು, ಹೇಳ್ತಿರ್ಲಿಲ್ಲ. ಇವರು ಮಾಡೋದಾದ್ರೆ ನನಗೆ ಹೇಳಿ ಮಾಡಿ ಅಂದ್ರು. ಗ್ಲಿಮೆಪಿರೈಡ್ ಅಂತ ಒಂದು ಶುಗರ್ ಮಾತ್ರೆ ಇದೆ ಅತ್ತೆಗೆ, ಅದು ತಗೊಂಡು ಊಟ ಮಾಡದೆ ಇದ್ರೆ ಶುಗರ್ ಪಾತಾಳಕ್ಕೆ ಹೋಗುತ್ತೆ, ಆ ದಿನ ಅದು ಬೆಳಿಗ್ಗೆ ಬೇಡ ಅಂತ ನೋಟ್ ಬುಕ್ಕಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ದಾರೆ (ಇದು ನಮ್ಮತ್ತೆಗೆ ಅಂತ ಹೇಳಿದ್ದು, ನೀವು ನಿಮ್ಮ ಡಾಕ್ಟ್ರನ್ನ ಕೇಳಿನೇ ಮಾಡಿ). ಮಧ್ಯದಲ್ಲಿ ಹಾಲು ಹಣ್ಣು ತಗೊಳ್ಳೋಕೆ ಒಪ್ಪಿಸಿದ್ರು. ಹಾಸನಾಂಬೆ ಬಾಗಿಲು ತೆಗೆದಾಗ ಕ್ಯೂ ಎಷ್ಟೊತ್ತು ಅಂತ ಹಾಸನದವರಿಗೆ ಹೇಳೋದೇ ಬೇಡ, ಆ ಸಮಯಕ್ಕೆ ಮುಂಚೆನೇ ಕರೆದು ಹೇಳ್ತಾರೆ, ತಿಂಡಿ ತಿಂದೇ ನಿಲ್ಲಿ, ಸೆರಗಲ್ಲಿ ಸಕ್ಕರೆ ಪೊಟ್ಟಣ ಇರ್ಲಿ, ಕೈ ನಡುಕ, ಬೆವರು, ಎದೆ ಡವಡವ ಶುರುವಾದ್ರೆ ದರ್ಶನ ಆಗ್ಲಿ ಅಂತ ಕಾಯ್ಬೇಡಿ, ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡೀರಿ, 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಿ, 70ಕ್ಕಿಂತ ಕಡಿಮೆ ಇದ್ರೆ ಇನ್ನೊಂದ್ಸಲ ಕುಡೀರಿ. ಈಗ ಅತ್ತೆ ಎಲ್ಲಾನೂ ಡಾಕ್ಟ್ರಿಗೆ ಮುಚ್ಚುಮರೆ ಇಲ್ಲದೆ ಹೇಳ್ತಾರೆ. ನನ್ನ ಲೆಕ್ಕದಲ್ಲಿ ಈ ಕ್ಲಿನಿಕ್‌ನ ದೊಡ್ಡ ಆಸ್ತಿ ಇದೇ.

ಪಾದ ನೋಡೋದು ಇನ್ನೊಂದು. ಚಪ್ಪಲಿ ಬಿಚ್ಚಿಸಿ, ಕಾಲ್ಬೆರಳ ಸಂದಿ ಬಿಡಿಸಿ ನೋಡ್ತಾರೆ, ಆಮೇಲೆ ಕಣ್ಣು ಮುಚ್ಚಿಸಿ ನೈಲಾನ್ ದಾರದ ಥರದ ಒಂದು ಎಳೆ ತಗೊಂಡು ಪಾದದ ಅಲ್ಲಲ್ಲಿ ಅದು ಬಾಗೋ ತನಕ ಒತ್ತುತಾರೆ, ಅದು 10 ಗ್ರಾಂ ಒತ್ತಡಕ್ಕೆ ಬಾಗೋ ಥರ ಮಾಡಿರೋದಂತೆ, ಗೊತ್ತಾದಾಗ ಹ್ಞೂಂ ಅನ್ನಬೇಕು. ಮಾವ ಎಡಗಾಲ ಹೆಬ್ಬೆರಳ ಹತ್ರ ಹ್ಞೂಂ ಅನ್ನಲೇ ಇಲ್ಲ. ಅವರು ಒತ್ತಿದ್ರು, ನಾನು ನೋಡ್ತಿದೀನಿ ಎಳೆ ಬಾಗಿದೆ, ಮಾವ ಕಣ್ಣು ಮುಚ್ಕೊಂಡು ಯಾವಾಗ ಒತ್ತುತಾರೆ ಅಂತ ಕಾಯ್ತಿದ್ದಾರೆ. ಆವಾಗ ನನಗೆ ನಿಜವಾಗ್ಲೂ ಭಯ ಆಯ್ತು. ಆ ಜಾಗದಲ್ಲಿ ಮುಳ್ಳು ಚುಚ್ಚಿದ್ರೂ ಅವರಿಗೆ ಗೊತ್ತಾಗಲ್ಲ. ಅವತ್ತಿಂದ ತೋಟಕ್ಕೆ ಬರಿಗಾಲಲ್ಲಿ ಹೋಗೋದು ಬಂದ್, ರಾತ್ರಿ ಮಲಗೋ ಮುಂಚೆ ಪಾದ ನೋಡೋದು, ಹಂಡೆ ನೀರು ಬಿಸಿ ಇದ್ಯಾ ಅಂತ ಕಾಲು ಹಾಕಿ ನೋಡೋ ಬದಲು ಮೊಣಕೈ ಅದ್ದಿ ನೋಡೋದು, ಮಧ್ಯಾಹ್ನದ ಬಿಸಿಲಲ್ಲಿ ಬೇಲೂರಿಗೋ ಹಳೇಬೀಡಿಗೋ ಹೋದ್ರೆ ಆ ಕಲ್ಲು ಚಪ್ಪಡಿ ಮೇಲೆ ಸಾಕ್ಸ್ ಇಲ್ದೆ ಕಾಲಿಡದೆ ಇರೋದು, ಎಲ್ಲಾ ಅಭ್ಯಾಸ ಆಯ್ತು. ಪಾದ ಜುಮ್ ಅನ್ನೋದೆಲ್ಲಾ ಶುಗರ್‌ದೇ ಅಂತ ಕೈ ತೊಳ್ಕೊಳ್ಳದೆ ಇಬ್ಬರಿಗೂ ವಿಟಮಿನ್ ಬಿ12 ಟೆಸ್ಟ್ ಬರೆದ್ರು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ವರ್ಷಗಟ್ಟಲೆ ತಗೊಂಡ್ರೆ ಬಿ12 ಇಳಿಯಬಹುದು, ನಮ್ಮನೇಲಿ ಮೊಟ್ಟೆ ಮಾಂಸ ಇಲ್ಲ ಬೇರೆ. ಅತ್ತೆಗೆ ಕಡಿಮೆನೇ ಬಂತು, ಮಾತ್ರೆ ಕೊಟ್ರು.

ಮಾವನ ಇನ್ಸುಲಿನ್ ಕಥೆನೂ ಹೇಳ್ಬೇಕು. ಡೋಸ್ ಏರಿಸ್ತಾ ಹೋದ್ರೂ ಒಂದಿನ 250, ಒಂದಿನ 80, ಯಾಕೆ ಅಂತ ಯಾರಿಗೂ ಗೊತ್ತಾಗಿರ್ಲಿಲ್ಲ. ಇವರು ಶರ್ಟ್ ಎತ್ತಿಸಿ ಹೊಟ್ಟೆ ಮೇಲೆ ಬೆರಳಾಡಿಸಿದ್ರು, ಹೊಕ್ಕಳ ಬಲಗಡೆ ಗಟ್ಟಿ ಗಂಟು ಕೈಗೆ ಸಿಕ್ತು. ಅಲ್ಲಿ ನೋವಾಗಲ್ಲ ಅಂತ ಮಾವ ದಿನಾ ಅಲ್ಲೇ ಚುಚ್ಕೋತಿದ್ರು, ಗಂಟಿನ ಜಾಗದಲ್ಲಿ ಔಷಧಿ ಒಂದೊಂದಿನ ಒಂದೊಂದು ಥರ ಹೀರ್ಕೊಳುತ್ತೆ. ಜಾಗ ಬದಲಾಯಿಸ್ತಾ ಚುಚ್ಚೋಕೆ ಪೆನ್ನಲ್ಲೇ ಹೊಟ್ಟೆ ಮೇಲೆ ನಾಲ್ಕು ಭಾಗ ಗೀಟು ಹಾಕಿ ತೋರಿಸಿದ್ರು, ಹೊಸ ಜಾಗದಲ್ಲಿ ಔಷಧಿ ಚೆನ್ನಾಗಿ ಹತ್ತುತ್ತೆ, ಶುಗರ್ ದಿಢೀರ್ ಇಳಿದುಬಿಡಬಹುದು ಅಂತ ಡೋಸ್ ಕಡಿಮೆ ಮಾಡಿ ಶುರು ಮಾಡಿದ್ರು. ಯಾವ ಸ್ಕ್ಯಾನೂ ಇಲ್ಲ, ಬೆರಳಲ್ಲಿ ಮುಟ್ಟಿ ನೋಡಿದ್ದು ಅಷ್ಟೇ.

ಸ್ಪೆಷಲಿಸ್ಟ್‌ಗಳನ್ನ ಬೇಡ ಅನ್ನೋರಲ್ಲ ಇವರು. ರೆಟಿನಾಗೆ, ಹಾರ್ಟ್‌ಗೆ ಅವರೇ ಕಳಿಸ್ತಾರೆ, ಕಣ್ಣು ಮಂಜಾಗೋ ತನಕ ಕಾದ್ರೆ ತಡ ಆಗಿರುತ್ತೆ, ಚೆನ್ನಾಗಿ ಕಾಣುವಾಗ್ಲೇ ತೋರಿಸ್ಬೇಕು ಅಂತ ಬೆನ್ನು ಬೀಳ್ತಾರೆ. ಕಳಿಸುವಾಗ ಅರ್ಧ ಪುಟ ಪತ್ರ ಬರೀತಾರೆ, ಇರೋ ಕಾಯಿಲೆ, ನಡೀತಿರೋ ಮಾತ್ರೆ, ಕೊನೇಲಿ ನಿಮ್ಮಿಂದ ನನಗೆ ಗೊತ್ತಾಗಬೇಕಾದ್ದು ಇಂಥದ್ದು ಅಂತ ಒಂದು ಪ್ರಶ್ನೆ. ವಾಪಸ್ ಬಂದ ಮೇಲೆ ಅವರ ಚೀಟಿನೂ ನಮ್ಮ ನೋಟ್ ಬುಕ್ಕೂ ಪಕ್ಕಪಕ್ಕ ಇಟ್ಕೊಂಡು ಹೊಸ ಮಾತ್ರೆ ಹಳೇದಕ್ಕೆ ಹೊಂದುತ್ತಾ ನೋಡ್ತಾರೆ. ಮಂಡಿ ನೋವಿಗೆ ಅತ್ತೆ ಮೆಡಿಕಲ್‌ನಲ್ಲಿ ಕೇಳಿ ತಗೋತಿದ್ದ ಡೈಕ್ಲೋಫೆನಾಕ್ ಹಂಗೇ ನಿಂತಿದ್ದು, ಶುಗರ್ ಬಿಪಿ ಇರೋರ ಕಿಡ್ನಿಗೆ ಅದು ಒಳ್ಳೇದಲ್ಲ, ಬಿಪಿನೂ ಏರಿಸುತ್ತೆ. ಈಗ ತೀರಾ ನೋವಿದ್ದಾಗ ಪ್ಯಾರಸಿಟಮಾಲ್, ದಿನಾ ಕುರ್ಚಿ ಮೇಲೆ ಕೂತು ಕಾಲು ಚಾಚೋ ವ್ಯಾಯಾಮ.

ದುಡ್ಡಿನ ವಿಷಯ: ಫೀಸು ಇನ್ನೂರು ರೂಪಾಯಿ, ರಿಪೋರ್ಟ್ ತೋರಿಸೋಕೆ ಹೋದ್ರೆ ತಗೊಳಲ್ಲ. ಬ್ರ್ಯಾಂಡ್ ಬದಲು ಔಷಧಿ ಹೆಸರು ಬರೀತಾರೆ, ಜನೌಷಧಿ ಕೇಂದ್ರದಲ್ಲಿ ತಗೋತೀವಿ, ತಿಂಗಳ ಬಿಲ್ ಅರ್ಧಕ್ಕಿಂತ ಕಡಿಮೆ ಆಗಿದೆ. ನಮ್ಮನೆ ಕೆಲಸಕ್ಕೆ ಬರೋ ಅಕ್ಕನಿಗೂ ಬಿಪಿ ಇತ್ತು, ಅವರಿಗೆ ಜಿಲ್ಲಾಸ್ಪತ್ರೆ ಎನ್‌ಸಿಡಿ (ಶುಗರ್ ಬಿಪಿ ಥರದ ಅಂಟದ ಕಾಯಿಲೆಗಳ) ಕ್ಲಿನಿಕ್‌ಗೆ ಹೋಗಿ, ಬಿಪಿ ಶುಗರ್ ಮಾತ್ರೆ ಅಲ್ಲಿ ಉಚಿತ ಅಂತ ಇವರೇ ಕಳಿಸಿದ್ರು.

ಇನ್ನು ಸರಿ ಇಲ್ಲದ್ದು. ಕಾಯೋದು ಬಹಳ, ಒಬ್ಬೊಬ್ರಿಗೆ ಇಷ್ಟು ಹೊತ್ತು ಕೊಟ್ರೆ ಹೊರಗಿರೋರು ಕಾಯಲೇಬೇಕು, ಸಂತೆ ದಿನ ಹಳ್ಳಿಯಿಂದ ಬರೋರು ಸೇರಿ ಬೆಂಚು ಸಾಲದೆ ಹೊರಗೆ ನಿಂತಿರ್ತಾರೆ. ಮೆಟ್ಟಿಲಿಗೆ ಹಿಡ್ಕೊಳ್ಳೋಕೆ ಕಂಬಿ ಇಲ್ಲ, ಬರೋರೆಲ್ಲಾ ಮಂಡಿ ನೋವಿನೋರೇ, ಇದನ್ನ ಹಾಕಿಸಲೇಬೇಕು, ಹೇಳಿದೀನಿ, ಮಾಲೀಕರನ್ನ ಕೇಳ್ತೀನಿ ಅಂದಿದ್ದಾರೆ. ವಾಟ್ಸಾಪಲ್ಲಿ ರಿಪೋರ್ಟ್ ಕಳಿಸಿದ್ರೆ ನೋಡಲ್ಲ, ಬಂದೇ ತೋರಿಸ್ಬೇಕು, ಬೆಂಗಳೂರಲ್ಲಿ ಕೆಲಸ ಮಾಡೋ ಮಕ್ಕಳಿಗೆ ಇದು ಕಿರಿಕಿರಿ. ಎಲ್ಲಕ್ಕಿಂತ ದೊಡ್ಡದು, ಅವರು ಊರಲ್ಲಿ ಇಲ್ಲದಿದ್ರೆ ಕ್ಲಿನಿಕ್ ಬಂದ್, ಬದಲಿ ಡಾಕ್ಟ್ರಿಲ್ಲ. ಆ ನೋಟ್ ಬುಕ್ ಇರೋದ್ರಿಂದ ಬೇರೆ ಯಾರ ಹತ್ರ ಹೋದ್ರೂ ತಕ್ಷಣ ಅರ್ಥ ಆಗುತ್ತೆ ನಿಜ, ಆದ್ರೂ ಒಬ್ಬರು ಕಿರಿಯ ಡಾಕ್ಟ್ರನ್ನ ಈಗಲೇ ಜೊತೆಗೆ ಕೂರಿಸ್ಕೋಬೇಕು ಅವರು.

ಎಮರ್ಜೆನ್ಸಿಗೆ ಇದು ಜಾಗ ಅಲ್ಲ, ಅದನ್ನ ಅವರೇ ಸ್ಪಷ್ಟವಾಗಿ ಹೇಳಿ ನೋಟ್ ಬುಕ್ ಮೊದಲ ಪುಟದಲ್ಲೇ ಬರೆದಿದ್ದಾರೆ. ಎದೆ ಬಿಗಿತ, ಬೆವರು, ಉಸಿರು ಕಟ್ಟೋದು, ಬಾಯಿ ಒಂದ್ಕಡೆ ಸೊಟ್ಟ ಆಗೋದು, ಒಂದು ಕೈ ಸೋಲೋದು, ಮಾತು ತೊದಲೋದು ಆದ್ರೆ ನನಗೆ ಫೋನ್ ಮಾಡ್ತಾ ಕೂರ್ಬೇಡಿ, 108ಕ್ಕೆ ಮಾಡಿ, ಪಾರ್ಶ್ವವಾಯುಗೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆ ಒಳಗೇ ಕೊಡ್ಬೇಕು, ಯಾವಾಗ ಶುರುವಾಯ್ತು ಅಂತ ಗಡಿಯಾರ ನೋಡ್ಕೊಳ್ಳಿ ಅಂತ.

ಐದಕ್ಕೆ ನಾಲ್ಕೂವರೆ ಸ್ಟಾರ್ ನನ್ನ ಕಡೆಯಿಂದ, ಅರ್ಧ ಆ ಮೆಟ್ಟಿಲಿಗೆ ಮತ್ತು ಬದಲಿ ಡಾಕ್ಟ್ರು ಇಲ್ಲದ್ದಕ್ಕೆ ಕಟ್. ಟೋಕನ್‌ಗೆ ಬೆಳಿಗ್ಗೆನೇ ಫೋನ್ ಮಾಡಿ, ಭಾನುವಾರ ರಜ, ಕಾರು ನಿಲ್ಸೋಕೆ ಜಾಗ ಇಲ್ಲ ಆಟೋದಲ್ಲಿ ಹೋಗಿ. ವಿಳಾಸ ಬೇಕಾದೋರು ಮೆಸೇಜ್ ಮಾಡಿ ಹೇಳ್ತೀನಿ, ಬರೀ ನೆಗಡಿ ಜ್ವರಕ್ಕೆ ದಯವಿಟ್ಟು ಬೇಡ, ಮನೇಲಿ ಹಳೇ ಕಾಯಿಲೆಯೋರು ಇದ್ರೆ ಮಾತ್ರ ಕೇಳಿ.